ತಲಪರಿಗೆಯ ಮೇಲಿನ ತೋಟದವನು

ನಂದೀಶ್ವರಯ್ಯ ಹೇಡಿ. ಮರಳಹಟ್ಟಿಯವರು ಅವನನ್ನು ಒಳ್ಳೆಯವನು ಎನ್ನುತ್ತಾರೆ. ಯಾರಿಗೂ ಇಲ್ಲ ಎಂದವನಲ್ಲ ಎನ್ನುತ್ತಾರೆ. ನಿಜ, ಎಂದವನಲ್ಲ. ಎದುರು ನಿಂತವರ ಮುಖ ಸಪ್ಪಗಾಗುವುದನ್ನು ನೋಡುವ ಧೈರ್ಯವಿಲ್ಲದೆ ಎಲ್ಲದಕ್ಕೂ ಹ್ಞೂಂ ಎನ್ನುತ್ತಾನೆ. ಅವರು ಬೆನ್ನು ತಿರುಗಿಸಿದ ಮೇಲೆ ಆ ಹ್ಞೂಂ ಎಲ್ಲಿ ಹೋಯಿತೆಂದು ಅವನಿಗೂ ನೆನಪಿರುವುದಿಲ್ಲ. ಸುಳ್ಳುಗಾರ ಇವನಿಗಿಂತ ಮೇಲು. ಸುಳ್ಳುಗಾರನಿಗೆ ತಾನು ಹೇಳಿದ್ದು ಸುಳ್ಳೆಂದು ಗೊತ್ತಿರುತ್ತದೆ.

ವಯಸ್ಸು ಅರವತ್ತೆರಡು. ಬಸವಣ್ಣನ ಗುಡಿಯ ಪೂಜೆ ತಂದೆಯಿಂದ ಬಂದದ್ದು, ಆದ್ದರಿಂದ ಊರಿಗೆಲ್ಲ ಅವನು ಅಯ್ನೋರು. ಜೊತೆಗೆ ಎರಡೂವರೆ ಎಕರೆ ದಾಳಿಂಬೆ ತೋಟ. ಮದುವೆಯ ವಯಸ್ಸಿನಲ್ಲಿ ಬುಕ್ಕಾಪಟ್ಟಣದಲ್ಲಿ ಒಂದು ಹೆಣ್ಣು ನೋಡಿ ಹ್ಞೂಂ ಎಂದ. ಮರುವಾರ ಕೊರಟಗೆರೆಯಲ್ಲಿ ಇನ್ನೊಂದು ಹೆಣ್ಣು ನೋಡಿ ಅಲ್ಲೂ ಹ್ಞೂಂ ಎಂದ. ಕೊರಟಗೆರೆಯವರು ಮೊದಲು ಬಂದು ತಾಂಬೂಲ ಬದಲಾಯಿಸಿಕೊಂಡರು, ಕಮಲಾಕ್ಷಮ್ಮ ಹೆಂಡತಿಯಾದಳು. ಬುಕ್ಕಾಪಟ್ಟಣದವರು ಬಂದು ಜಗಲಿಯ ಮೇಲೆ ಕೂತು ಬೈದಾಗ ಇವನು ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಹೋಗಿದ್ದ. ಬೈಗುಳ ತಿಂದದ್ದು ಅವನ ತಂದೆ.

ಮುಂದೆಯೂ ಹೀಗೆಯೇ. ತಿರುಮಣಿಯಲ್ಲಿರುವ ಭಾವನ ಜಮೀನು ಸೋಲಾರ್ ಪಾರ್ಕಿಗೆ ಹೋದಾಗ, ಅಲ್ಲಿ ಫಲಕಗಳನ್ನು ತೊಳೆಯುವವರ ಮೇಲ್ವಿಚಾರಣೆಗೆ ಒಬ್ಬ ಬೇಕು ಎಂದು ಆ ಭಾವ ಕೇಳಿದ. ಇವನು ಸೋಮವಾರದಿಂದ ಬರುತ್ತೇನೆ ಎಂದ. ಮೂರು ಸೋಮವಾರ ಜೀಪು ಬಂದು ಹಾರ್ನ್ ಹೊಡೆದು ವಾಪಸ್ಸಾಯಿತು. ಪಂಚಾಯಿತಿ ಚುನಾವಣೆಯಲ್ಲಿ ಎದುರಾಳಿಗಳಿಬ್ಬರೂ ತಮ್ಮ ಬೆಂಬಲಿಗರ ಪಟ್ಟಿಯಲ್ಲಿ ಇವನ ಹೆಸರು ಹಾಕಿಕೊಂಡಿದ್ದರು. ಇಬ್ಬರ ಮೆರವಣಿಗೆಯ ಫೋಟೋದಲ್ಲೂ ಅವನಿದ್ದಾನೆ, ಅದೇ ನಗು, ಹೆಗಲ ಮೇಲೆ ಅದೇ ವಲ್ಲಿ. ಮತ ಹಾಕುವ ದಿನ ಜ್ವರ ಬಂದು ಮಲಗಿದ್ದ.

ಇದೆಲ್ಲ ಒಂದು ಮನೆಯ ವಿಷಯವಾಗಿದ್ದರೆ ನಾನು ಬರೆಯುವ ಶ್ರಮ ತೆಗೆದುಕೊಳ್ಳುತ್ತಿರಲಿಲ್ಲ. ಆದರೆ ಅವನ ತೋಟ ಇರುವುದು ತಲಪರಿಗೆಯ ನೆತ್ತಿಯ ಮೇಲೆ.

ಮಧುಗಿರಿಯಿಂದ ಪಾವಗಡದವರೆಗಿನ ಮರಳು ನೆಲದಲ್ಲಿ ಅಲ್ಲಲ್ಲಿ ನೀರು ತಾನಾಗಿ ಜಿನುಗುತ್ತದೆ. ಆ ಊಟೆಯನ್ನು ಅಗಲಿಸಿ ಕೊಳ ಮಾಡಿ, ಕೊಳದಿಂದ ಕಾಲುವೆ ತೆಗೆದು ಊರುಗಳು ಬದುಕಿದವು. ಇದೇ ತಲಪರಿಗೆ. ಬೇರೆ ಊರುಗಳಲ್ಲಿ ಹೆಚ್ಚಿನವು ಮುಚ್ಚಿಹೋಗಿವೆ. ಮರಳಹಟ್ಟಿಯದು ಉಳಿದಿದೆ, ಏಕೆಂದರೆ ಅಲ್ಲಿ ವರ್ಷಕ್ಕೊಮ್ಮೆ ಶಿವರಾತ್ರಿ ಕಳೆದ ಮೇಲೆ ಮನೆಗೊಬ್ಬರಂತೆ ಸನಿಕೆ, ಮಂಕರಿ ಹಿಡಿದು ಬಂದು ಹೂಳು ತೆಗೆಯುತ್ತಾರೆ. ಯಾರೂ ಬಲವಂತ ಮಾಡುವುದಿಲ್ಲ, ದಂಡವೂ ಇಲ್ಲ. ಕೆಲಸ ಮುಗಿದ ಮೇಲೆ ಕೊಳದ ದಡದಲ್ಲಿ ಊಟ. ಮೊಣಕಾಲಿನವರೆಗೆ ಕೆಸರಾದವರು ಮೊದಲ ಪಂಕ್ತಿ, ಉಳಿದವರು ಎರಡನೆಯ ಪಂಕ್ತಿ. ಇಷ್ಟೇ ಅಲ್ಲಿಯ ಕಾನೂನು.

ನಂದೀಶ್ವರಯ್ಯ ಅನ್ನ ಬಸಿಯುವ ಹೊತ್ತಿಗೆ ಬರುತ್ತಾನೆ. ಕಾಲುವೆಯ ತುದಿಯಲ್ಲಿ ನಿಂತು ಎರಡು ಕಾಲನ್ನೂ ಕೆಸರಿಗೆ ಅದ್ದುತ್ತಾನೆ. ಬಂದು ಮೊದಲ ಪಂಕ್ತಿಯಲ್ಲಿ ಕೂರುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ. ಕೆಸರು ಒಂದೇ ಮಟ್ಟಕ್ಕೆ, ಕಾಲುಚೀಲ ಹಾಕಿದಂತೆ ಇತ್ತು. ಎಲ್ಲರಿಗೂ ಗೊತ್ತು, ಯಾರೂ ಎಬ್ಬಿಸುವುದಿಲ್ಲ.

ತುಮಕೂರಿನಲ್ಲಿ ಮೂವತ್ತೊಂದು ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನು ಈ ಭಾಗದ ಊರುಗಳ ನೀರು ಪರೀಕ್ಷೆ ಮಾಡುತ್ತೇನೆ. ಮರಳಹಟ್ಟಿಗೆ ನನ್ನನ್ನು ಕರೆಸಿದ್ದು ಶಾಲೆಯಲ್ಲಿ ಬಿಸಿಯೂಟ ಮಾಡುವ ರಹಮತ್ ಬಿ. ಅರವತ್ತನಾಲ್ಕು ಮಕ್ಕಳ ಅಡುಗೆಗೂ ಕುಡಿಯುವುದಕ್ಕೂ ಆಕೆ ನೀರು ತರುವುದು ತಲಪರಿಗೆಯಿಂದ. ಊರಿನಲ್ಲಿ ಕೊಳವೆಬಾವಿ ಇದೆ, ಎಂಟುನೂರು ಅಡಿ. ಅದರ ನೀರಿನಲ್ಲಿ ಫ್ಲೋರೈಡ್ ಇರಬೇಕಾದ್ದಕ್ಕಿಂತ ಎರಡು ಪಟ್ಟು. ಶುದ್ಧ ನೀರಿನ ಘಟಕವೂ ಇದೆ. ಅದರ ನೆರಳಿನಲ್ಲಿ ಮೇಕೆಗಳು ಮಲಗುತ್ತವೆ, ಬೇರೆ ಉಪಯೋಗ ನಾನು ಕಂಡಿಲ್ಲ. ರಹಮತ್ ಬಿಯ ತವರು ಪಾವಗಡದ ಕಡೆ. ಕೊಳವೆಬಾವಿಯ ನೀರು ಕುಡಿದೇ ಬೆಳೆದ ಆಕೆಯ ಅಕ್ಕ ನಲವತ್ತಕ್ಕೆಲ್ಲ ಮೂಳೆ ಸೆಟೆದು ಗೋಡೆ ಹಿಡಿದು ನಡೆಯುತ್ತಿದ್ದಳು, ಐವತ್ತಕ್ಕೆ ಗೋಡೆ ಹಿಡಿದರೂ ಏಳಲಾಗಲಿಲ್ಲ. ಆದ್ದರಿಂದ ಆಕೆಗೆ ಈ ವಿಷಯದಲ್ಲಿ ಭಾಷಣ ಬೇಕಿರಲಿಲ್ಲ.

ತಲಪರಿಗೆಯ ನೀರಿನಲ್ಲಿ ಫ್ಲೋರೈಡ್ ಇರಲಿಲ್ಲವೆನ್ನುವಷ್ಟು ಕಡಿಮೆ. ಆದರೆ ನೈಟ್ರೇಟ್ ಲೀಟರಿಗೆ ಎಪ್ಪತ್ತೆರಡು ಮಿಲಿಗ್ರಾಂ. ನಲವತ್ತೈದು ದಾಟಬಾರದು. ಕಾರಣ ಹುಡುಕಲು ಪಂಡಿತರು ಬೇಕಿರಲಿಲ್ಲ. ಕೊಳದ ಮೇಲಿನ ಇಳಿಜಾರಿನಲ್ಲಿ ಹನ್ನೊಂದು ಜನರ ದಾಳಿಂಬೆ ತೋಟ. ಹಳ್ಳದ ಅಂಚಿನವರೆಗೂ ಉಳುಮೆ. ಔಷಧಿ ಹೊಡೆದ ಡ್ರಮ್ಮು ತೊಳೆಯುವುದು ಹಳ್ಳದಲ್ಲಿ. ಮೇ ತಿಂಗಳಿನಲ್ಲಿ ಶಿರಾದ ಕಡೆಯಿಂದ ಕೋಳಿ ಗೊಬ್ಬರದ ಲಾರಿಗಳು ಬರುತ್ತವೆ; ಗೊಬ್ಬರವನ್ನು ಹಳ್ಳದ ಪಕ್ಕದಲ್ಲೇ ರಾಶಿ ಸುರಿಸಿಕೊಳ್ಳುತ್ತಾರೆ, ಹರಡುವುದು ಮಳೆಯಾದ ಮೇಲೆ. ಮೊದಲ ಮಳೆ ಅದರ ಸಾರವನ್ನೆಲ್ಲ ತೊಳೆದು ಊಟೆಗೆ ಇಳಿಸುತ್ತದೆ. ನೀರಿಗಾಗಿ ವರ್ಷಕ್ಕೊಂದು ದಿನ ಬೆನ್ನು ಬಗ್ಗಿಸಿ ಹೂಳೆತ್ತುವ ಜನ, ಉಳಿದ ದಿನಗಳಲ್ಲಿ ಅದೇ ನೀರಿಗೆ ಕೋಳಿ ಹಿಕ್ಕೆ ಕಲಸಿ ಕುಡಿಯುತ್ತಿದ್ದರು. ಇದು ಬುದ್ಧಿವಂತರ ಊರೆಂದು ನಾನು ಎಲ್ಲೂ ಹೇಳಿಲ್ಲ.

ಎರಡು ವರ್ಷದ ಹಿಂದೆ ರಹಮತ್ ಬಿ ಹನ್ನೊಂದು ಜನರನ್ನೂ ಕೊಳದ ಹೊಂಗೆಮರದ ಕೆಳಗೆ ಕೂಡಿಸಿದಳು. ಕೇಳಿದ್ದು ಮೂರು. ಹಳ್ಳದ ಅಂಚಿಗೆ ಇಪ್ಪತ್ತು ಅಡಿ ಹುಲ್ಲು ಬಿಡಬೇಕು. ಡ್ರಮ್ಮು ತೊಳೆಯಬಾರದು. ಗೊಬ್ಬರದ ರಾಶಿ ದಿಬ್ಬದಾಚೆ ಹಾಕಿ ಮುಚ್ಚಿಡಬೇಕು. ದಿಬ್ಬದಾಚೆ ಊರಿದೆ, ಅಲ್ಲಿಯ ಮಳೆನೀರು ಬೇರೆ ಹಳ್ಳಕ್ಕೆ ಇಳಿದು ದೂರ ಹೋಗುತ್ತದೆ. ಅಲ್ಲಿಂದ ತೋಟಕ್ಕೆ ಗೊಬ್ಬರ ಹೊರಬೇಕು ಎನ್ನುವುದೇ ತೊಂದರೆ.

ಶಂಕರಲಿಂಗಪ್ಪ, ನಂದೀಶ್ವರಯ್ಯನ ಪಕ್ಕದ ತೋಟದವನು, ಬೀಡಿ ಕೆಳಗಿಡದೆಯೇ ಮಾತು ಶುರುಮಾಡಿದ. "ಇಪ್ಪತ್ತಡಿ ಬುಡಕ್ಕೆ ಇದೇನು ನಿಮ್ಮಪ್ಪ ಬಿಟ್ಟೋದ ಜಮೀನೇನವ್ವ?"

"ನಮ್ಮಪ್ಪಂಗೆ ಜಮೀನಿದ್ದಿದ್ರೆ ನಾನ್ಯಾಕೆ ಸ್ಕೂಲಲ್ಲಿ ಸಾರು ತಿರುವ್ತಾ ಕೂತಿರ್ತಿದ್ದೆ ಶಂಕರಲಿಂಗಣ್ಣ. ನಿಮ್ಮನ್ನೇ ನಮ್ ಹೊಲಕ್ಕೆ ಕೂಲಿ ಕೊಟ್ಟು ಕರೀತಿದ್ದೆ."

ಜನ ನಕ್ಕರು. ಅವನೂ ನಕ್ಕ. ಎರಡು ಗಂಟೆ ಜಗ್ಗಾಡಿ ಹದಿನೈದು ಅಡಿಗೆ ಬಂದ. "ಅದರ ಮೇಲೆ ಒಂದು ಗೇಣು ಕೇಳಿದ್ರೂ ನಾ ಎದ್ದೋಗ್ತೀನಿ" ಎಂದ. ಆ ಹದಿನೈದು ಅಡಿಯನ್ನು ಮಾರನೆಯ ವಾರವೇ ಗೂಟ ಹೊಡೆದು ಬಿಟ್ಟ, ಇವತ್ತಿನವರೆಗೆ ಅದರೊಳಗೆ ನೇಗಿಲು ಇಳಿಸಿಲ್ಲ. ಬಾಯಿ ಹೊಲಸು, ಮಾತು ಗಟ್ಟಿ.

ನಂದೀಶ್ವರಯ್ಯ ಜಗ್ಗಾಡಲಿಲ್ಲ. ರಹಮತ್ ಬಿ ವಾಕ್ಯ ಮುಗಿಸುವ ಮೊದಲೇ, "ಆಗ್ಲಿ ಬುಡಮ್ಮ ರಹಮತಮ್ಮ. ಇಪ್ಪತ್ತಲ್ಲ, ಇಪ್ಪತ್ತೈದು ಬುಡನ. ಗಂಗಮ್ಮನ ಕೆಲಸ ಅಲ್ವಾ" ಎಂದ. ಎಲ್ಲರೂ ತಲೆದೂಗಿದರು. ನನ್ನ ಪಕ್ಕ ಕೂತಿದ್ದ ಕಮಲಾಕ್ಷಮ್ಮ ಸೆರಗು ಜಾಡಿಸಿಕೊಂಡು ಮೇಲೆದ್ದಳು. "ಮೇಡಮ್ಮೋರೆ, ಬರ್ಕಳೋ ಹಂಗಿದ್ರೆ ಪೆನ್ಸಿಲ್ಲಲ್ಲಿ ಬರ್ಕಳಿ" ಎಂದಳು.

ನಾನು ಪೆನ್ನಿನಲ್ಲಿ ಬರೆದುಕೊಂಡೆ. ಅದು ನನ್ನ ತಪ್ಪು.

ಕಾನೂನಿಲ್ಲದ ಒಪ್ಪಂದವನ್ನು ವಿರೋಧಿಗಳು ಹಾಳುಮಾಡುವುದಿಲ್ಲ. ಆಗುವುದಿಲ್ಲ ಎಂದವನ ಹತ್ತಿರ ಕೂತು ಮಾತಾಡಬಹುದು, ಅಡಿ ಲೆಕ್ಕದಲ್ಲಿ ಚೌಕಾಸಿ ಮಾಡಬಹುದು. ಆಗಲಿ ಎಂದವನ ಹತ್ತಿರ ಏನು ಮಾತಾಡುತ್ತೀರಿ? ಅವನು ಆಗಲೇ ಒಪ್ಪಿದ್ದಾನೆ. ಒಂದು ವರ್ಷದಲ್ಲಿ ಹತ್ತು ಜನರ ಅಂಚಿನಲ್ಲಿ ಹುಲ್ಲು ಮೊಣಕಾಲೆತ್ತರ ಬಂತು. ನಂದೀಶ್ವರಯ್ಯನ ಇಪ್ಪತ್ತೈದು ಅಡಿಯಲ್ಲಿ ಮೆಕ್ಕೆಜೋಳ ಬಂತು. ಮೇ ತಿಂಗಳಿನಲ್ಲಿ ಅದರ ಪಕ್ಕವೇ ಎರಡು ಲಾರಿ ಕೋಳಿ ಗೊಬ್ಬರ ಬಿತ್ತು.

ಕೇಳಲು ರಹಮತ್ ಬಿ ಅವನ ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಜಗಲಿಯ ಮೇಲೆ ವಿಭೂತಿ ಹಚ್ಚಿಕೊಂಡು ಕೂತಿದ್ದ. ನಮ್ಮನ್ನು ನೋಡಿ ಮುಖ ಅರಳಿಸಿದ.

"ಅಯ್ನೋರೆ, ಹುಲ್ಲು ಎಲ್ಲಿ?"

"ಬಾ ಕೂತ್ಕಳಮ್ಮ. ಬೀಜ ಸಿಗಲಿಲ್ಲ ಕಣಮ್ಮ. ಸಿಕ್ಕಿದ್ರೆ ಬುಡ್ತಿದ್ನಾ?"

"ಹುಲ್ಲಿಗೆ ಯಾರು ಬೀಜ ತರ್ತಾರೆ? ಉಳದೆ ಬುಟ್ರೆ ಅದೇ ಬರ್ತದೆ."

"ಅಂಗಂತೀಯಾ? ಆಯ್ತು ಬುಡು, ಈ ಸಲ ಉಳಲ್ಲ."

"ಗೊಬ್ಬರ?"

"ಆ ಲಾರಿಯೋನು ಕೇಳ್ದೆ ಸುರ್ದುಬುಟ್ಟ ಕಣಮ್ಮ. ನಾನು ಪೂಜೆಗೆ ಹೋಗಿದ್ದೆ. ಈ ಸಲ ದಿಬ್ಬದಾಚೆನೇ ಹಾಕುಸ್ತೀನಿ, ಬಸವಣ್ಣನಾಣೆ."

ಒಳಗಿನಿಂದ ಕಮಲಾಕ್ಷಮ್ಮನ ದನಿ ಬಂತು. "ಬಸವಣ್ಣ ಎದ್ದೋಗಿ ಬೇರೆ ಊರು ಸೇರ್ಕಂಡಾನು. ಇವರ ಆಣೆ ಹೊತ್ತು ಹೊತ್ತು ಅವನ ಡುಬ್ಬ ಇನ್ನೊಂದು ಗೇಣು ಎದ್ದೈತೆ."

ಅವನು ಅದಕ್ಕೂ ನಕ್ಕ. ಹೆಂಡತಿಯ ಬೈಗುಳಕ್ಕೂ ಅವನು ಹ್ಞೂಂ ಎನ್ನುತ್ತಾನೆ. ದಾರಿಯಲ್ಲಿ ರಹಮತ್ ಬಿ, "ಬಯ್ಯಕ್ಕೂ ಆಗಲ್ಲ ಮೇಡಮ್ಮೋರೆ ಇವರನ್ನ. ಕೈಗೆ ಸಿಕ್ಕಲ್ಲ, ಎಣ್ಣೆ ಹಚ್ಚಿದ ಪಾತ್ರೆ ಇದ್ದಂಗೆ" ಎಂದಳು.

ಎರಡನೆಯ ಪರೀಕ್ಷೆಯಲ್ಲಿ ನೈಟ್ರೇಟ್ ಅರವತ್ತೊಂದು ಬಂತು. ಹತ್ತು ಜನರ ಹುಲ್ಲು ಇಷ್ಟು ಇಳಿಸಿತ್ತು. ಉಳಿದದ್ದನ್ನು ಇಳಿಯಗೊಡದೆ ನಿಲ್ಲಿಸಿದವನು ಒಬ್ಬನೇ, ಅವನ ತೋಟ ಊಟೆಗೆ ಎಲ್ಲರಿಗಿಂತ ಹತ್ತಿರ. ಪಂಚಾಯಿತಿಯವರು ಕಾಗದ ಕಳಿಸಿದರು: ಮುಂಗಾರಿನ ಮೊದಲ ಮಳೆಯಾದ ಹದಿನೈದು ದಿನಕ್ಕೆ ಮತ್ತೊಮ್ಮೆ ಪರೀಕ್ಷೆ, ನಲವತ್ತೈದಕ್ಕಿಂತ ಮೇಲಿದ್ದರೆ ತಲಪರಿಗೆಗೆ ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಹಾಕಿ, ಶಾಲೆಗೆ ಕೊಳವೆಬಾವಿಯ ನಲ್ಲಿ ಎಳೆಯುತ್ತಾರೆ. ಕಾಗದ ಓದಿ ಹೇಳಿದಾಗ ರಹಮತ್ ಬಿ ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸದೆ, "ಒಂದನೇ ಕ್ಲಾಸಲ್ಲಿ ಈ ವರ್ಷ ಹದಿಮೂರು ಮಕ್ಕಳು ಸೇರವ್ರೆ" ಎಂದಳು.

ಅದಕ್ಕಿಂತ ಕೆಟ್ಟದ್ದು ಶಂಕರಲಿಂಗಪ್ಪನಿಂದ ಬಂತು. ಈ ವರ್ಷ ಹೂಳೆತ್ತುವ ದಿನ, ಎಲ್ಲರೂ ಕೇಳುವಂತೆ ಹೇಳಿದ. "ನಾನು ಹದಿನೈದಡಿ ಬುಟ್ಟು ಎರಡು ವರ್ಷ ಆಯ್ತು. ಇವರು ಇಪ್ಪತ್ತೈದಡಿ ಬುಡ್ತೀನಂತ ಹೇಳಿ ಜೋಳ ತಿಂದ್ರು. ನಾನೇನು ಹೆಡ್ಡನಾ? ಈ ಮೇನಲ್ಲಿ ಅಯ್ನೋರ ತೋಟದ ತಾವ ಒಂದು ಲಾರಿ ಬಿದ್ರೆ, ಅವತ್ತೇ ನನ್ನ ಟ್ರ್ಯಾಕ್ಟ್ರು ಹುಲ್ಲಿನೊಳಿಕ್ಕೆ ಇಳೀತದೆ. ಯಾರೂ ನನ್ನ ಕೇಳಂಗಿಲ್ಲ."

ಉಳಿದ ಒಂಬತ್ತು ಜನ ನೆಲ ನೋಡಿದರು. ಅವನು ಉತ್ತರೆ ತಾವೂ ಉಳುತ್ತೇವೆ ಎನ್ನುವುದು ಅದರಲ್ಲೇ ಸ್ಪಷ್ಟವಾಗಿತ್ತು. ನಂದೀಶ್ವರಯ್ಯನೂ ಅಲ್ಲೇ ಇದ್ದ. "ಸರಿಯಾದ ಮಾತೇಳ್ದೆ ಶಂಕರಲಿಂಗ" ಎಂದ. ತನಗೆ ಹೇಳಿದ್ದಲ್ಲ ಎನ್ನುವ ಹಾಗೆ.

ಮೇ ಕೊನೆಯ ವಾರ ನಾನು ಮಳೆಗೆ ಮುಂಚಿನ ನೀರಿನ ಮಾದರಿ ತೆಗೆಯಲು ಹೋಗಿದ್ದೆ. ಮಧ್ಯಾಹ್ನ ಮೂರರ ಹೊತ್ತು. ಮಿಡಿಗೇಶಿಯ ಬೆಟ್ಟದ ಕಡೆ ಮೋಡ ಕಪ್ಪಾಗಿತ್ತು. ಬಾಟಲಿಗೆ ಮುಚ್ಚಳ ಹಾಕುತ್ತಿರುವಾಗ ರಹಮತ್ ಬಿ ಶಾಲೆಯ ಕಡೆಯಿಂದ ಓಡಿಬಂದಳು. ಐವತ್ತೈದರ ಹೆಂಗಸು ಓಡಿದರೆ ಏನೋ ಆಗಿದೆ ಎಂದೇ ಅರ್ಥ.

"ಲಾರಿ ಹತ್ತಿ ಹೋಯ್ತು ಮೇಡಮ್ಮೋರೆ. ಅಯ್ನೋರ ತೋಟಕ್ಕೆ."

ನಾವು ಏರಿ ಹೋಗುವಷ್ಟರಲ್ಲಿ ಲಾರಿ ಹಳ್ಳದ ಅಂಚಿಗೆ ಹಿಂಬದಿ ಮಾಡಿ ನಿಂತಿತ್ತು. ಪಕ್ಕದ ಬದುವಿನ ಮೇಲೆ ಶಂಕರಲಿಂಗಪ್ಪನ ಟ್ರ್ಯಾಕ್ಟರು, ಎಂಜಿನ್ ಗುಡುಗುಡು ಎನ್ನುತ್ತಿತ್ತು, ನೇಗಿಲು ಮೇಲೆತ್ತಿದ್ದ. ಹೇಳುವುದನ್ನು ಹೇಳಿಯಾಗಿತ್ತು, ಕಾಯುತ್ತಿದ್ದ. ಗೊಬ್ಬರದ ವ್ಯಾಪಾರಿ ಕಲೀಮುಲ್ಲಾ ಶಿರಾದಿಂದ ತಾನೇ ಲಾರಿ ಓಡಿಸಿಕೊಂಡು ಬಂದಿದ್ದ. ಹಿಂಬಾಗಿಲಿನ ಕೊಕ್ಕೆಗೆ ಕೈ ಹಾಕಿದ್ದವನು ನಮ್ಮನ್ನು ನೋಡಿ ನಿಲ್ಲಿಸಿದ.

"ಏನ್ ಕಲೀಮಣ್ಣ," ಎಂದಳು ರಹಮತ್ ಬಿ, ಉಸಿರು ಸಿಕ್ಕ ಮೇಲೆ. "ಇಲ್ಲಿ ಹಾಕಬಾರ್ದು ಅಂತ ನಿಮ್ಗೂ ಹೇಳಿದ್ನಲ್ಲ."

"ಅರೆ, ನಂದೇನು ಅಕ್ಕ? ಮೊನ್ನೆ ಫೋನ್ ಮಾಡ್ದೆ, ಹಾಕ್ಲಾ ಅಂದೆ, ಹ್ಞೂಂ ಅಂದ್ರು. ಎಲ್ಲಿ ಅಂದೆ, ಹೋದ್ಸಲದ ಜಾಗಾನಾ ಅಂದೆ, ಅದಕ್ಕೂ ಹ್ಞೂಂ ಅಂದ್ರು. ಈಗ ನೋಡಿದ್ರೆ ಮಾತೇ ಆಡ್ತಿಲ್ಲ. ಅಯ್ನೋರೆ, ಜಲ್ದಿ ಹೇಳಿ. ಮಳೆ ಬಂದ್ರೆ ಈ ಮರಳಲ್ಲಿ ಟೈರ್ ಹೂತೋಗ್ತದೆ."

ನಂದೀಶ್ವರಯ್ಯ ಲಾರಿಗೂ ನಮಗೂ ನಡುವೆ ನಿಂತಿದ್ದ. ವಲ್ಲಿಯ ತುದಿ ಬೆರಳಿಗೆ ಸುತ್ತುತ್ತಿದ್ದ. ಕಲೀಮುಲ್ಲಾನ ಮುಖ ನೋಡಿದ, ರಹಮತ್ ಬಿಯ ಮುಖ ನೋಡಿದ, ಟ್ರ್ಯಾಕ್ಟರಿನ ಕಡೆ ನೋಡಿದ. ಎಲ್ಲರಿಗೂ ಹ್ಞೂಂ ಎಂದವನಿಗೆ ಎಲ್ಲರೂ ಒಂದೇ ಕಡೆ ಸೇರುವುದಕ್ಕಿಂತ ದೊಡ್ಡ ಆಪತ್ತಿಲ್ಲ. ಬೆವರು ವಿಭೂತಿಯ ಮೇಲೆ ಗೆರೆ ಎಳೆದುಕೊಂಡು ಇಳಿಯುತ್ತಿತ್ತು. ಅವನಿಗೆ ಓಡಿಹೋಗಲು ಅಲ್ಲಿ ಹಿತ್ತಿಲ ಬಾಗಿಲಿರಲಿಲ್ಲ. ನನಗೆ ಕರುಣೆ ಬರಲಿಲ್ಲ. ಇದು ಮೂವತ್ತು ವರ್ಷ ಮೊದಲೇ ಆಗಬೇಕಿತ್ತು ಅನ್ನಿಸಿತು.

"ಬೇಡ ಅಂತ ಒಂದ್ ಮಾತು ಹೇಳಿ ಅಯ್ನೋರೆ," ಎಂದಳು ರಹಮತ್ ಬಿ. "ಒಂದೇ ಮಾತು. ಅವರು ವಾಪಸ್ ತಗಂಡೋಗ್ತಾರೆ."

"ವಾಪಸ್ ಎಲ್ಲಿಗೆ ತಗಂಡೋಗ್ಲಿ?" ಎಂದ ಕಲೀಮುಲ್ಲಾ. "ನಮ್ಮನೆ ಮುಂದೆ ಸುರ್ಕಳ್ಳಾ?"

ನಂದೀಶ್ವರಯ್ಯ ಬಾಯಿ ತೆರೆದ. ಬೇಡ ಎನ್ನುತ್ತಾನೆಂದು ನಾನೂ ಒಂದು ಕ್ಷಣ ನಂಬಿದೆ.

"ಆಯ್ತು ಬುಡಪ್ಪ ಕಲೀಮು," ಎಂದ. "ಹಾಕು."

ಟ್ರ್ಯಾಕ್ಟರಿನ ಎಂಜಿನ್ ಜೋರಾಯಿತು. ರಹಮತ್ ಬಿ ಹಳ್ಳದ ಕಡೆ ಮುಖ ತಿರುಗಿಸಿಕೊಂಡಳು. ಕಲೀಮುಲ್ಲಾ ಮತ್ತೆ ಕೊಕ್ಕೆಗೆ ಕೈ ಹಾಕಿದ.

"ಇಲ್ಲಲ್ಲ," ಎಂದ ನಂದೀಶ್ವರಯ್ಯ. "ಗಾಡಿ ತಗಂಡು ನನ್ನ ಹಿಂದೆ ಬಾ."

ಲಾರಿಯ ಮುಂದೆ ಅವನು ನಡೆದ. ನಡೆದ ಎನ್ನುವುದಕ್ಕಿಂತ ಪಂಚೆ ಎತ್ತಿ ಹಿಡಿದು ಅರ್ಧ ಓಡಿದ, ಯಾರಾದರೂ ಕರೆದು ನಿಲ್ಲಿಸಿಯಾರು ಎನ್ನುವ ಹಾಗೆ. ಲಾರಿ ದಿಬ್ಬ ಹತ್ತಿ ಆಚೆ ಇಳಿಯಿತು. ನಾವು ಹಿಂದೆ ಹೋದೆವು. ದಿಬ್ಬದಾಚೆ ಅವನಿಗೆ ಬೇರೆ ಜಮೀನಿಲ್ಲ, ಇರುವುದು ಮನೆಯೊಂದೇ. ಆ ಮನೆಯ ಅಂಗಳದಲ್ಲಿ, ಜಗಲಿಯಿಂದ ಆರಡಿ ದೂರದಲ್ಲಿ, ಕೈ ಬೀಸಿ ಬೀಸಿ ಲಾರಿ ಹಿಂದಕ್ಕೆ ಕರೆದ.

"ಮನೆ ಮುಂದೆನಾ?" ಎಂದ ಕಲೀಮುಲ್ಲಾ ಕಿಟಕಿಯಿಂದ ತಲೆ ಹಾಕಿ. "ಸಾಬ್, ಒಂದು ತಿಂಗಳು ಊಟ ಮಾಡಕ್ಕಾಗಲ್ಲ ಇಲ್ಲಿ."

"ಹಾಕಪ್ಪ, ಹಾಕು."

ಕೋಳಿ ಗೊಬ್ಬರದ ವಾಸನೆ ಬಲ್ಲವರಿಗೆ ವಿವರಿಸಬೇಕಿಲ್ಲ. ಗೊತ್ತಿಲ್ಲದವರಿಗೆ ವಿವರಿಸಿ ಪ್ರಯೋಜನವಿಲ್ಲ. ಐದು ಟನ್ನು ಅಂಗಳಕ್ಕೆ ಬಿತ್ತು. ಕಮಲಾಕ್ಷಮ್ಮ ಬಾಗಿಲಿಗೆ ಬಂದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಳು. "ಗುಡಿ ಪೂಜೆ ಮಾಡೋ ಮನೆ ಇದು," ಎಂದಳು. "ನಾಳೆಯಿಂದ ಬಸವಣ್ಣಂಗೆ ನೈವೇದ್ಯ ಎಲ್ಲಿ ಮಾಡ್ಲಿ?"

"ಮನೆ ತಾವ ಇದ್ರೆ ಕಾಯ್ಕಬೌದು ಕಣೆ. ಅಲ್ಲಿ ಕಳ್ತನ ಆಯ್ತದೆ."

"ಕೋಳಿ ಹಿಕ್ಕೆ ಕದಿಯಕ್ಕೆ ಯಾವನ್ರೀ ಬರ್ತಾನೆ?"

ದಿಬ್ಬದ ಮೇಲೆ ಶಂಕರಲಿಂಗಪ್ಪ ಟ್ರ್ಯಾಕ್ಟರು ನಿಲ್ಲಿಸಿಕೊಂಡು ಈ ಕಡೆ ನೋಡುತ್ತಿದ್ದ. ಸ್ವಲ್ಪ ಹೊತ್ತು ನೋಡಿ, ಒಂದು ಸಲ ಉಗುಳಿ, ಗಾಡಿ ತಿರುಗಿಸಿಕೊಂಡು ಊರ ದಾರಿ ಹಿಡಿದ. ನೇಗಿಲು ಮೇಲೆಯೇ ಇತ್ತು.

ಆಗ ಮಳೆಯ ಮೊದಲ ಹನಿಗಳು ಬಿದ್ದವು, ದಪ್ಪ ಹನಿಗಳು, ಮಣ್ಣಿನಲ್ಲಿ ಗುಳಿ ಬೀಳುವಂಥವು. ರಾಶಿಯನ್ನು ಮುಚ್ಚಲು ಏನಾದರೂ ತಂದಿದ್ದೀಯಾ ಎಂದು ನಾನು ಕೇಳಲಿಲ್ಲ. ಅವನು ತಂದಿರುವುದಿಲ್ಲ ಎಂದು ನನಗೆ ಗೊತ್ತಿತ್ತು, ತಂದಿರಲೂ ಇಲ್ಲ. ಅಂಗಳದಲ್ಲಿ ಎರಡು ಸುತ್ತು ಸುತ್ತಿದ. ಆಮೇಲೆ ಏಣಿ ಒರಗಿಸಿ ಅಡುಗೆಮನೆಯ ಸೂರಿಗೆ ಹತ್ತಿದ. ಒಡೆದ ಹೆಂಚುಗಳ ಮೇಲೆ ಹೊದಿಸಿದ್ದ ನೀಲಿ ಟಾರ್ಪಾಲಿನ ಹಗ್ಗ ಬಿಚ್ಚಿ, ಅದನ್ನು ಕೆಳಗೆ ಎಳೆದುಹಾಕಿದ.

ಮೂವರು ಸೇರಿ ರಾಶಿಗೆ ಹೊದಿಸಿದರು: ಅವನು, ರಹಮತ್ ಬಿ, ಕಲೀಮುಲ್ಲಾ. ನಾಲ್ಕನೆಯ ಮೂಲೆ ಹಾರುತ್ತಿತ್ತು. ನಾನು ಬಾಟಲಿಯ ಚೀಲ ಕೆಳಗಿಟ್ಟು ಅದನ್ನು ಹಿಡಿದುಕೊಂಡೆ.

"ಒಲೆ ಮ್ಯಾಲೆ ಸೋರ್ತೈತಲ್ರೀ," ಎಂದಳು ಕಮಲಾಕ್ಷಮ್ಮ ಒಳಗಿನಿಂದ.

"ಆಯ್ತು ಬುಡೆ, ನಾಳೆ ಹೊದಿಸ್ತೀನಿ," ಎಂದ ನಂದೀಶ್ವರಯ್ಯ. ಎಂದು, ಟಾರ್ಪಾಲಿನ ಅಂಚಿಗೆ ಇನ್ನೊಂದು ಕಲ್ಲು ತಂದಿಟ್ಟ.